ಬೆಳಗಾವಿಗೆ ಇಳಿದ ವಿಮಾನ, ನಿಪ್ಪಾಣಿಯಲ್ಲಿ ನಿಂತ ಜೀಪು

ಬೆಳಗಾವಿಯ ವಿಮಾನ ನಿಲ್ದಾಣದಿಂದ ಕೊಲ್ಲಾಪುರದ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ ಅಂತ ಯಾರಾದರೂ ಕೇಳಿದರೆ ನನಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಕೇಳಿದವರ ತಪ್ಪೇನಿಲ್ಲ, ಪಾಪ. ರಸ್ತೆಯ ಮೇಲೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆಗಿನ ಕಾಲದ ಜೀಪಿಗೆ ಎರಡೂವರೆ ತಾಸು, ಮಳೆಗಾಲದಲ್ಲಿ ಮೂರು, ತವಂದಿ ಘಾಟಿನಲ್ಲಿ ಲಾರಿ ಕೆಟ್ಟು ನಿಂತಿದ್ದರೆ ಹೇಳುವ ಹಾಗೇ ಇಲ್ಲ. ವಿಮಾನಕ್ಕೆ ಎಷ್ಟು ಹೊತ್ತು ಅನ್ನೋದನ್ನು ನಮ್ಮ ಮುಂಬೈ ಅಜ್ಜನನ್ನು ಕೇಳಬೇಕಿತ್ತು. ನಮ್ಮ ಪೈಕಿ ಆ ದಾರಿಯನ್ನು ಒಂದೇ ದಿನ ಮೇಲಿನಿಂದಲೂ ಕೆಳಗಿನಿಂದಲೂ ಕಂಡವನು ಅವನೊಬ್ಬನೇ.

ಆ ಎರಡು ಊರುಗಳ ನಡುವೆ ಬಿದ್ದ ಮಂದಿ ನಾವು. ಸದಲಗಾ, ಭೋಜ ಕಡೆಯವರಿಗೆ ಪೇಟೆ ಅಂದರೆ ಕೊಲ್ಲಾಪುರ. ಅಥಣಿ, ಕಾಗವಾಡದವರು ಹಲ್ಲು ನೋವಿಗೂ ಮಿರಜಿಗೆ ಓಡುತ್ತಾರೆ. ರಾಯಬಾಗ ತಾಲೂಕಿನ ನಮಗೆ ಕೋರ್ಟು ಕಚೇರಿ ಅಂದರೆ ಬೆಳಗಾವಿ, ಮದುವೆಯ ಬಟ್ಟೆ ಅಂದರೆ ಮತ್ತೆ ಕೊಲ್ಲಾಪುರ. ಕನ್ನಡದಲ್ಲಿ ಜಗಳ ಶುರು ಮಾಡಿ ಮರಾಠಿಯಲ್ಲಿ ಮುಗಿಸುವವರು ನಾವು. ಯಾವುದೇ ಒಂದು ಕಡೆಗೆ ಪೂರ್ತಿ ಭಾರ ಹಾಕಿ ನಮಗೆ ಗೊತ್ತಿಲ್ಲ. ದೂರವನ್ನು ಕಿಲೋಮೀಟರಿನಲ್ಲಿ ಹೇಳುವ ರೂಢಿಯೂ ಆಗ ಇರಲಿಲ್ಲ. ಮಹಾರಾಷ್ಟ್ರದ ಕೆಂಪು ಬಸ್ಸಿಗೆ ನಾವು ಯಷ್ಟಿ ಅನ್ನುತ್ತೇವೆ. ಯಷ್ಟಿಯಲ್ಲಿ ಕೂತರೆ ಎಷ್ಟು ತಾಸು, ನಿಂತು ಹೋದರೆ ಎಷ್ಟು ತಾಸು ಅಂತಲೇ ಲೆಕ್ಕ. ನಿಂತು ಹೋದಾಗ ಊರು ದೂರ ಆಗುತ್ತಿತ್ತು.

ಎಂಬತ್ತರ ದಶಕದ ಕೊನೆಗೆ ಮುಂಬೈಯಿಂದ ಒಂದು ಸಣ್ಣ ವಿಮಾನ ಈ ಎರಡೂ ಊರಿಗೆ ಬರತೊಡಗಿತ್ತು. ಮೊದಲು ಕೊಲ್ಲಾಪುರಕ್ಕೆ ಇಳಿದು, ಆಮೇಲೆ ಬೆಳಗಾವಿಗೆ ಹಾರುತ್ತಿತ್ತು. ಬಂದರೆ ಬಂತು, ಇಲ್ಲವಾದರೆ ಇಲ್ಲ. ನಮ್ಮ ಕಡೆಯ ಮಂದಿ ಅದನ್ನು ನೋಡಲಿಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರೇ ಹೊರತು ಹತ್ತಲಿಕ್ಕೆ ಯಾರೂ ಹೋಗುತ್ತಿರಲಿಲ್ಲ. ಟ್ರ್ಯಾಕ್ಟರಿನ ಟ್ರೇಲರಿನಷ್ಟು ಉದ್ದ ಅಷ್ಟೇ ಐತಿ, ಇದಕ್ಕ ಇಷ್ಟ ಬಡಿವಾರ ಅಂತ ನೋಡಿ ಬಂದವರು ಬೈದುಕೊಳ್ಳುತ್ತಿದ್ದರು.

ಆಗಿನ ಒಂದು ಮಳೆಗಾಲದಲ್ಲಿ, ಬೆಳಗಿನ ಜಾವಕ್ಕೆ ನಮ್ಮ ಆಯಿ ತೀರಿಕೊಂಡಳು. ಆಯಿ ಅಂದರೆ ನಮ್ಮ ಅಪ್ಪನ ಅವ್ವ. ವಯಸ್ಸಾಗಿತ್ತು, ಮಲಗಿದ್ದಲ್ಲೇ ಹೋದಳು, ಯಾರಿಗೂ ತ್ರಾಸು ಕೊಡಲಿಲ್ಲ. ಅತ್ತವರು ಅತ್ತರು. ನಾನು ಅಳಲಿಲ್ಲ, ನನ್ನ ಸ್ವಭಾವವೇ ಹಾಗೆ. ಕಾಲೇಜು ಅರ್ಧಕ್ಕೆ ಬಿಟ್ಟು ಮನೆಯ ಜೀಪು ಓಡಿಸಿಕೊಂಡು, ಕಬ್ಬಿಗೆ ನೀರು ಹಾಯಿಸಿಕೊಂಡು ಇದ್ದ ಕಾಲ ಅದು. ಸಾವಿನ ಮನೆಯಲ್ಲಿ ಜೀಪು ಇದ್ದವನಿಗೆ ಅಳಲಿಕ್ಕೆ ಪುರುಸೊತ್ತೂ ಇರುವುದಿಲ್ಲ. ಹೂವು ತಾ, ಭಜನೆಯವರನ್ನು ಕರಕೊಂಡು ಬಾ, ಅವರಿಗೆ ಹೇಳು, ಇವರಿಗೆ ಹೇಳು. ಹೊತ್ತೇರುವುದರೊಳಗೆ ರಾಯಬಾಗಕ್ಕೆ ಎರಡು ಸಲ ಹೋಗಿ ಬಂದಿದ್ದೆ.

ಎಲ್ಲಾ ಆದ ಮೇಲೆ ಸೀರೆಯ ಮಾತು ಬಂತು. ನಮ್ಮಲ್ಲಿ ಹೆಣ್ಣುಮಗಳು ಸತ್ತರೆ ತವರುಮನೆಯ ಸೀರೆ ಬರಬೇಕು. ಗಂಡ ಇದ್ದಾಕೆಗೂ ಅಷ್ಟೇ, ಇಲ್ಲದಾಕೆಗೂ ಅಷ್ಟೇ. ಅಣ್ಣನೋ ತಮ್ಮನೋ ಹೊಸ ಸೀರೆ ತಂದು ಕೊಟ್ಟು, ಅದನ್ನು ಉಡಿಸಿದ ಮೇಲೆಯೇ ಮಣ್ಣು. ಎಷ್ಟು ವರ್ಷ ಗಂಡನ ಮನೆಯಲ್ಲಿ ಬಾಳಿದರೂ ಕೊನೆಗೆ ಮೈಮೇಲೆ ಹೋಗುವುದು ತವರಿನದೇ. ಅದು ಬರಲಿಲ್ಲ ಅಂದರೆ ಆಕೆಗೆ ಹಿಂದೆ ಮುಂದೆ ಯಾರೂ ಇರಲಿಲ್ಲ ಅಂದ ಹಾಗೆ.

ಆಯಿಯ ತವರು ಸದಲಗಾ. ಆದರೆ ಅಲ್ಲಿ ಆಕೆಯ ಮನೆಯವರು ಯಾರೂ ಉಳಿದಿರಲಿಲ್ಲ. ಇದ್ದವನು ಒಬ್ಬನೇ ತಮ್ಮ, ಹರೆಯದಲ್ಲೇ ಮುಂಬೈಗೆ ಹೋಗಿ ಅಲ್ಲೇ ಗುಮಾಸ್ತಿಕೆ ಮಾಡಿ ಮುದುಕನಾದವನು. ನಮಗೆ ಅವನು ಮುಂಬೈ ಅಜ್ಜ. ನಾನು ಚಡ್ಡಿ ಹಾಕುವ ವಯಸ್ಸಿನಲ್ಲಿ ಒಮ್ಮೆ ಕಂಡ ನೆನಪು, ಆಮೇಲೆ ಅವನು ಈ ಕಡೆ ಹಾಯಲೇ ಇಲ್ಲ.

ರಾಯಬಾಗದ ಬೆಲ್ಲದ ಅಡತಿ ಅಂಗಡಿಯಲ್ಲಿ ಫೋನಿತ್ತು. ಅಲ್ಲಿಂದ ನಾನೇ ಮುಂಬೈಗೆ ಅರ್ಜಂಟ್ ಟ್ರಂಕ್ ಕಾಲ್ ಹಾಕಿದೆ. ಎತ್ತಿದವನು ಅಜ್ಜನ ಮಗ. ಸುದ್ದಿ ಹೇಳಿ ಇಟ್ಟೆ. ತಾಸು ಬಿಟ್ಟು ಅವನೇ ತಿರುಗಿ ಫೋನು ಮಾಡಿದ.

"ಅಪ್ಪ ವಿಮಾನದಾಗ ಬರ್ತಾನ. ಕೊಲ್ಲಾಪುರಕ್ಕ ಟಿಕೀಟ ಸಿಕ್ಕೈತಿ, ಮಧ್ಯಾಹ್ನ ಇಳೀತಾನ. ಸೀರಿ ಅಂವನs ತರ್ತಾನ. ತಾ ಬರೂತನಕಾ ಮಣ್ಣ ಮಾಡಬ್ಯಾಡ್ರಿ, ಅಕ್ಕಗ ನನ್ನ ಕೈಯಾರೆ ಸೀರಿ ಕೊಡಬೇಕು ಅಂತ ಸಣ್ಣ ಹುಡುಗರಗತೆ ಅಳಾಕತ್ತಾನ. ಹೆಂಗರ ಮಾಡಿ ಕಾಯ್ರಿ."

ಕಾಯುವುದೆಂದರೆ ಎಲ್ಲಿಯವರೆಗೆ? ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು, ಅದರ ಮೇಲೆ ಒಂದು ಗಳಿಗೆಯನ್ನೂ ನಾ ಒಪ್ಪಂಗಿಲ್ಲ ಅಂತ ಅಯ್ಯನವರು ಮೊದಲೇ ಹೇಳಿಬಿಟ್ಟಿದ್ದರು. ಕ್ರಿಯಾಕರ್ಮ ಮಾಡಿಸುವವರು ಅವರು, ಅವರ ಮಾತು ಮೀರುವವರು ಯಾರು? ಆಯಿಯನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿ, ಮನೆಯ ಹಳೇ ಸೀರೆಯಲ್ಲೇ ಇಟ್ಟರು. ತಮ್ಮ ಹೊತ್ತು ಮುಳುಗುವುದರೊಳಗೆ ಬಂದರೆ ಆಕೆಗೆ ತವರಿನ ಸೀರೆ. ಬರದಿದ್ದರೆ ಇಲ್ಲ.

ಕೊಲ್ಲಾಪುರಕ್ಕೆ ಟಿಕೀಟು ಅಂದ ಮೇಲೆ ಸೀದಾ ಕೊಲ್ಲಾಪುರಕ್ಕೆ ಹೋಗಿ ನಿಲ್ಲಬೇಕು. ಯಾವ ಊರಿನವನಾದರೂ ಹಾಗೇ ಮಾಡುತ್ತಾನೆ. ಆದರೆ ನಮ್ಮ ಮನೆಯ ಹಿರಿಯ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ. ಅವನು ಆಕಾಶ ನೋಡಿದ. ಮೋಡ ಕವಿದಿತ್ತು.

"ಮೋಡಾ ಐತಿ. ಕೊಲ್ಲಾಪುರಕ್ಕ ಇಳಿಲಿಲ್ಲಂದ್ರ ಅದು ಬೆಳಗಾವಿಗೆ ಹೊಕ್ಕೈತಿ. ಆ ಕಡೆ ಹೋಗಿ ನಿಂತ್ರ ಈ ಕಡೆ ತಪ್ಪತೈತಿ, ಈ ಕಡೆ ಹೋದ್ರ ಆ ಕಡೆ. ಎರಡೂ ಬ್ಯಾಡ. ನಿಪ್ಪಾಣ್ಯಾಗ ನಿಂದ್ರೂಣು. ಯಾವ ಕಡೆ ಇಳದ್ರೂ ಅಲ್ಲಿಂದ ಹಾರಿ ಬಿದ್ದು ಹೋಗೂಣು."

ಇದು ದೊಡ್ಡಪ್ಪನೊಬ್ಬನ ಬುದ್ಧಿ ಅಲ್ಲ, ನಮ್ಮ ಸೀಮೆಯ ಬುದ್ಧಿ. ಇಬ್ಬರು ಕರೆದರೆ ಇಬ್ಬರ ಮನೆಗೂ ಹೋಗದೆ ಓಣಿಯ ನಡುವೆ ನಿಂತು ಇಬ್ಬರಿಗೂ ನಮಸ್ಕಾರ ಮಾಡುವವರು ನಾವು. ಯಾರೂ ಎದುರಾಡಲಿಲ್ಲ. ನನಗೂ ಆಗ ಅದು ಶಾಣೇತನ ಅಂತಲೇ ಅನ್ನಿಸಿತ್ತು ಅನ್ನೋದು ಬೇರೆ ಮಾತು.

ಚಿಕ್ಕೋಡಿ ದಾಟಿ ನಿಪ್ಪಾಣಿಗೆ ಹೋಗಿ ನಿಂತೆವು. ಅಲ್ಲಿ ದೊಡ್ಡಪ್ಪನ ಗುರುತಿನ ತಂಬಾಕಿನ ವ್ಯಾಪಾರಿಯೊಬ್ಬನಿದ್ದ. ಅವನ ಅಂಗಡಿಯಲ್ಲಿ ಫೋನಿತ್ತು, ಕೊಲ್ಲಾಪುರದ ವಿಮಾನದ ಬಯಲಿನ ಹತ್ತಿರ ಅವನ ಬೀಗರ ಅಂಗಡಿಯಿತ್ತು. ವಿಮಾನ ಇಳಿದ ಕೂಡಲೇ ಅವರು ಫೋನು ಮಾಡಬೇಕು, ನಾವು ಹೊರಡಬೇಕು, ಹಾಗೆ ಮಾತಾಯಿತು. ನಾನು ಸೀನುತ್ತಾ ಕೂತೆ. ಆ ಊರಿನಲ್ಲಿ ತಂಬಾಕಿನ ಘಾಟಿಗೆ ಸೀನದೆ ಕೂತವನು ಒಂದೋ ಅಲ್ಲಿಯೇ ಹುಟ್ಟಿದವನಿರಬೇಕು, ಇಲ್ಲ ಮೂಗಿಲ್ಲದವನಿರಬೇಕು. ವ್ಯಾಪಾರಿ ಚಹಾ ತರಿಸಿದ. ಸಾವಿನ ಮನೆಯಿಂದ ಬಂದವರು ಅಂತ ಜೊತೆಗೆ ತಿನ್ನಲಿಕ್ಕೆ ಏನೂ ತರಿಸಲಿಲ್ಲ. ನನಗೋ ಹೊಟ್ಟೆ ಹಸಿದು ಕರುಳು ಚುರುಗುಟ್ಟುತ್ತಿತ್ತು.

ಮಧ್ಯಾಹ್ನದ ಸುಮಾರಿಗೆ ಮೋಡದ ಮೇಲೆ ಗುರ್ ಅಂತ ಸದ್ದಾಯಿತು. ಕೊಲ್ಲಾಪುರದ ಕಡೆಯಿಂದ ಬಂದು ಬೆಳಗಾವಿಯ ಕಡೆಗೆ ಹೋಯಿತು. ದೊಡ್ಡಪ್ಪ ಹೊರಗೆ ಬಂದು ತಲೆ ಎತ್ತಿದ. ಕಾಣಲಿಲ್ಲ, ಬರೀ ಸದ್ದು.

"ಇದs ಏನಲೇ?"

"ಇದ ಇರಾಕಿಲ್ಲ ಬಿಡು, ದೊಡಪ್ಪಾ. ಅಲ್ಲಿ ಇಳದಿದ್ರ ಫೋನ್ ಬರ್ತಿತ್ತಲ್ಲ," ಅಂದೆ.

ಅಷ್ಟರಲ್ಲಿ ಫೋನು ಬಂತು. ಕೊಲ್ಲಾಪುರದಲ್ಲಿ ಮೋಡ ಕೆಳಗಿಳಿದಿತ್ತಂತೆ. ವಿಮಾನ ಮೇಲೆ ಎರಡು ಸುತ್ತು ಹಾಕಿ, ನೆಲ ಕಾಣದೆ, ಬೆಳಗಾವಿಗೆ ತಿರುಗಿತಂತೆ. ಅಂದರೆ ನಮ್ಮ ತಲೆಯ ಮೇಲೆ ಹಾದು ಹೋದದ್ದು ಅಜ್ಜನೇ. ಅವನ ಚೀಲದಲ್ಲಿ ಸೀರೆ, ಕೆಳಗೆ ನಮ್ಮ ಜೀಪು. ಕೈ ಚಾಚಿದರೆ ಸಿಗುವುದಿದ್ದರೆ ಅಲ್ಲೇ ಇಳಿಸಿಕೊಳ್ಳುತ್ತಿದ್ದೆವು.

ನಾನು ಇದ್ದದ್ದನ್ನು ಹೇಳಿದೆ. "ದೊಡಪ್ಪಾ, ನಾವು ಇಲ್ಲೇ ಇರೂಣು. ಅಂವ ಬೆಳಗಾವ್ಯಾಗ ಬಸ್ ಹಿಡದ್ರ ಇಲ್ಲೇ ಬಂದು ಇಳೀಬೇಕು. ನಾ ಹೋಗಿ ಬರೂದಂದ್ರ ಹೋಗಾಕ ಎರಡ ತಾಸು, ಬರಾಕ ಎರಡ ತಾಸು. ಅಂವ ಬರೂದಂದ್ರ ಬರೇ ಎರಡ ತಾಸು."

ದೊಡ್ಡಪ್ಪನ ಮುಖ ಕೆಂಪಾಯಿತು. "ವಿಮಾನದಾಗಿಂದ ಇಳದ ಮನಶ್ಯಾ ಬಸ್ ಸ್ಟ್ಯಾಂಡಿನ್ಯಾಗ ನಿಂದರಬೇಕೇನು? ತವರ ಸೀರಿ ತರಾಂವನ್ನ ನಾವು ಎದರಗೊಂಡು ಕರಕೊಂಡ ಬರಬೇಕು. ಸರಕಾರಿ ಬಸ್ಸಿನ್ಯಾಗ ಜೋತಾಡಕೋತ ಬಂತಂತ ಅವರವ್ವನ ಸೀರಿ, ಮನ್ಯಾಗ ಜೀಪ್ ಇತ್ತಂತ, ಅಂತ ನಾಳೆ ಸದಲಗಾದ ಮಂದಿ ಮಾತಾಡಿದ್ರ ಎಲ್ಲಿ ಮಾರಿ ಇಟಗೋಲಿ ನಾನು? ನಡೀ, ಗಾಡಿ ತಗಿ!"

ತವರಿನವರನ್ನು ಎದುರುಗೊಳ್ಳಬೇಕು ಅನ್ನೋದು ಸುಳ್ಳಲ್ಲ. ನಮ್ಮಲ್ಲಿ ಸಾವಿಗಾಗಲಿ ಮದುವೆಗಾಗಲಿ ಬೀಗರು ಬಂದರೆ ಊರ ಅಗಸೆಯ ತನಕ ಹೋಗಿ ಕರೆತರುತ್ತಾರೆ. ಆದರೆ ಅಗಸೆ ಇರುವುದು ಊರ ಬಾಗಿಲಲ್ಲಿ. ಅದನ್ನು ಬೆಳಗಾವಿಯ ಆಚೆಯ ತನಕ ಎಳೆದವನು ನಮ್ಮ ದೊಡ್ಡಪ್ಪ. ಅವನು ತಾನು ಮಾತ್ರ ಚಿಕ್ಕೋಡಿ ಬಸ್ಸು ಹಿಡಿದು ಮನೆಗೆ ಹೋದ, ಅಯ್ಯನವರನ್ನು ತಡೆದು ಹಿಡಿಯಲಿಕ್ಕೆ ಯಾರಾದರೂ ಗಟ್ಟಿ ಮನುಷ್ಯ ಬೇಕಲ್ಲ ಅಂತ. ನಾನು ಒಬ್ಬನೇ ಜೀಪು ತಿರುಗಿಸಿದೆ.

ತವಂದಿ ಘಾಟು ಹತ್ತಿಳಿದು, ಸಂಕೇಶ್ವರ ದಾಟಿ, ಹತ್ತರಗಿ ದಾಟಿ ಹೊಡೆದೆ. ಜಿಟಿಜಿಟಿ ಮಳೆ. ಜೀಪಿನ ವೈಪರು ಒಂದೇ ಕಡೆಯದು ತಿರುಗುತ್ತಿತ್ತು, ಅದೂ ತನಗೆ ಮನಸ್ಸು ಬಂದಾಗ. ಎದುರಿಗೆ ಬಸ್ಸುಗಳು ಬರುತ್ತಿದ್ದವು, ನಮ್ಮ ಕಡೆಯವು ಕೆಲವು, ಯಷ್ಟಿ ಕೆಲವು. ಕೆಸರು ಹಾರಿಸಿ ಹೋದವರಿಗೆಲ್ಲ ಬಾಯಿಗೆ ಬಂದದ್ದು ಬೈದೆ. ಕಿಟಕಿಯಲ್ಲಿ ಯಾರು ಕೂತಿದ್ದಾರೆ ಅಂತ ಯಾರು ನೋಡುತ್ತಾರೆ? ಆಮೇಲೆ ಅಜ್ಜ ಹೇಳಿದ, ಹತ್ತರಗಿಯ ಹತ್ತಿರ ಒಂದು ಜೀಪು ಎದುರಿಗೆ ಹಾರಿಕೊಂಡು ಬಂತು, ಇಷ್ಟ ಅವಸರ ಮಾಡಿ ಎಲ್ಲಿ ಸಾಯಾಕ ಹೊಂಟಾನೋ ಹುಚ್ಚಪ್ಯಾಲಿ ಅಂದುಕೊಂಡೆ ಅಂತ. ಆ ಹುಚ್ಚಪ್ಯಾಲಿ ನಾನೇ.

ಬೆಳಗಾವಿ ಪೇಟೆ ದಾಟಿ ವಿಮಾನದ ಬಯಲಿಗೆ ಮುಟ್ಟಿದಾಗ ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಬೇಲಿಯ ಹೊರಗೆ ಎಮ್ಮೆಗಳು ಮೇಯುತ್ತಿದ್ದವು. ಗೇಟಿನ ಹತ್ತಿರ ಪಹರೆಯವನೊಬ್ಬ ತಗಡಿನ ಕೆಳಗೆ ಕೂತು ಹುರಿದ ಶೇಂಗಾ ಸುಲಿಯುತ್ತಿದ್ದ. ವಿಮಾನ ಎಲ್ಲಿ ಅಂದೆ.

"ಅದು ಆಗಳೇ ತಿರುಗಿ ಹೋತ್ರಿ. ಎಲ್ಲಾರೂ ಹೋದ್ರು. ನಿಮಗ ಯಾರು ಬೇಕಾಗಿತ್ರಿ?"

"ಒಬ್ಬ ಮುದುಕಪ್ಪ. ಕೊಲ್ಲಾಪುರಕ್ಕ ಇಳಿಯಾಂವ ಇದ್ದ."

"ಹಾಂ, ಎದಿಗಿ ಚೀಲ ಅವಚಿಕೊಂಡಿದ್ರಲ್ಲ, ಅವರೇನ್ರಿ? ನಿಪ್ಪಾಣಿ ಬಸ್ ಎಲ್ಲಿ ಸಿಗತೈತಿ ಅಂತ ಕೇಳಿದ್ರಿ. ಒಬ್ಬರ ಗಾಡ್ಯಾಗ ಸ್ಟ್ಯಾಂಡಿಗೆ ಹತ್ತಿಸಿ ಕಳಿಸೇನ್ರಿ ನೋಡ್ರಿ." ಒಳ್ಳೇ ಕೆಲಸ ಮಾಡಿದವನಂತೆ ಅವನು ನಕ್ಕ. ಒಳ್ಳೇ ಕೆಲಸವನ್ನೇ ಮಾಡಿದ್ದ. ಒಂದು ಮುಟಿಗೆ ಶೇಂಗಾ ನನ್ನ ಕೈಗೂ ಹಾಕಿದ. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ದೊಡ್ಡಪ್ಪನಿಗೆ, ಮೋಡಕ್ಕೆ, ವಿಮಾನ ಕಂಡುಹಿಡಿದವನಿಗೆ ಎಲ್ಲರಿಗೂ ಸೇರಿಸಿ ಮನಸ್ಸಿನಲ್ಲೇ ಮಂಗಳಾರತಿ ಮಾಡಿ, ಬಂದ ದಾರಿಗೇ ಜೀಪು ತಿರುಗಿಸಿದೆ.

ನಿಪ್ಪಾಣಿ ಬಸ್ ಸ್ಟ್ಯಾಂಡಿಗೆ ಬಂದಾಗ ಇಳಿಹೊತ್ತಾಗಿತ್ತು. ಅಜ್ಜನನ್ನು ಹುಡುಕಬೇಕಾಗಲಿಲ್ಲ. ಕಲ್ಲುಬೆಂಚಿನ ತುದಿಗೆ ಕೂತಿದ್ದ. ಆಯಿಯ ಮೂಗು ತಂದು ಗಂಡಸಿನ ಮುಖಕ್ಕೆ ಅಂಟಿಸಿದ ಹಾಗಿತ್ತು. ಬಿಳೀ ಧೋತರ, ಕೋಟು, ತಲೆಗೆ ಟೊಪ್ಪಿಗೆ, ತೊಡೆಯ ಮೇಲೆ ಚೀಲ. ಮುಖ ಕೊಲ್ಲಾಪುರದಿಂದ ಬರುವ ರಸ್ತೆಯ ಕಡೆಗಿತ್ತು. ನಾನು ಬಂದದ್ದು ಬೆನ್ನ ಹಿಂದಿನಿಂದ.

"ಅಜ್ಜಾ," ಅಂದೆ. "ನಾ ನಿಮ್ಮ ಅಕ್ಕನ ಮೊಮ್ಮಗ. ಬರ್ರಿ, ಲಗೂ ಹತ್ರಿ."

"ಬಂದೇನು ತಮ್ಮಾ! ಬೆಳಗಾವಿ ಕಡಿಂದ ಹೆಂಗ ಬಂದಿ? ನೀವು ಕೊಲ್ಲಾಪುರದಾಗ ನನ್ನ ಹಾದೀ ಕಾಯಾಕತ್ತಿರ್ತೀರಿ, ನನ್ನ ಹುಡಕಾಕ ಬೆಳಗಾವಿಗೆ ಹೊಂಟ್ರ ಇಲ್ಲೇ ಹಾಯ್ದು ಹೋಗಬೇಕಲ್ಲ ಅಂತ ಇಲ್ಲೇ ಕುಂತ್ನಿ. ಬರೂ ಜೀಪೆಲ್ಲಾ ನೋಡಾಕತ್ತೇನಿ. ನಡುವ ನಿಂತ್ರ ತಪ್ಪಂಗಿಲ್ಲ ನೋಡು."

ನಡುವೆ ನಿಂತರೆ ತಪ್ಪುವುದಿಲ್ಲ! ಇಷ್ಟು ವರ್ಷ ಮುಂಬೈಯಲ್ಲಿದ್ದರೂ ಆ ಬುದ್ಧಿ ಹೋಗಿರಲಿಲ್ಲ. ನಾನು ಜೋರಾಗಿ ನಕ್ಕೆನೋ ಏನೋ, ಅಜ್ಜ ಗಾಬರಿಯಾಗಿ ನೋಡಿದ. ಅವನು ಚಿಕ್ಕೋಡಿ ಬಸ್ಸು ಹತ್ತಿದ್ದರೂ ಇಷ್ಟೊತ್ತಿಗೆ ಮನೆ ಮುಟ್ಟುತ್ತಿದ್ದ. ಅದನ್ನು ಹೇಳಲಿಲ್ಲ. ಹೇಳಿ ಏನು ಮಾಡುವುದು?

ಜೀಪಿನಲ್ಲಿ ಅವನು ಚೀಲ ಕೆಳಗಿಡಲಿಲ್ಲ. ತವರಿನ ಸೀರೆಯನ್ನು ನೆಲಕ್ಕಿಡಬಾರದು ಅಂತ ಅವನ ಹೆಂಡತಿ ಹೇಳಿ ಕಳಿಸಿದ್ದಳಂತೆ. ವಿಮಾನದಲ್ಲಿ ಅದನ್ನು ಮೇಲೆ ಇಡಿರಿ ಅಂತ ಅಲ್ಲಿ ಕೆಲಸಕ್ಕಿದ್ದ ಹುಡುಗಿ ಎಷ್ಟು ಹೇಳಿದರೂ ಕೊಟ್ಟಿರಲಿಲ್ಲ. ಬೆಳಿಗ್ಗೆಯಿಂದ ಒಂದು ತುತ್ತು ಉಂಡಿರಲಿಲ್ಲ. ವಿಮಾನದವರು ಕೊಟ್ಟ ಪೆಪ್ಪರಮೆಂಟು ಕಿಸೆಯಲ್ಲೇ ಇತ್ತು. ನನಗೆ ಕೊಟ್ಟ, ನಾನು ತಿಂದೆ.

"ಕೊಲ್ಲಾಪುರದ ಮ್ಯಾಗಿಂದ ಬೆಳಗಾವಿಗೆ ಎಷ್ಟೊತ್ತು ಹಿಡದಿತ್ತು ಅಜ್ಜಾ?" ಕೇಳಿದೆ. ಮಧ್ಯಾಹ್ನದಿಂದ ತಲೆಯಲ್ಲಿ ಅದೇ ಕೊರೆಯುತ್ತಿತ್ತು.

"ಒಂದ ಎಲಿ ಹಾಕ್ಕೊಂಡು ಉಗುಳೂವಷ್ಟ. ಅಷ್ಟs. ಮೋಡದ ಸಂದಿಯೊಳಗ ಒಂದ ಹೊಳಿ ಕಂಡಂಗಾತು. ನಮ್ಮ ದೂಧಗಂಗಾನ ಇರಬೇಕು ಅಂತ ಕೈ ಮುಗದೆ. ಯಾವ ಹೊಳಿನೋ ಏನೋ." ಚೀಲ ಸರಿಮಾಡಿಕೊಂಡು ಕೇಳಿದ, "ಮಣ್ಣ ಮಾಡಿರ್ತಾರೇನು ತಮ್ಮಾ?"

"ಇಲ್ರಿ. ನಿಮ್ಮ ಸಲುವಾಗಿ ಕಾದಿರ್ತಾರ," ಅಂದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದ್ದೆ. ಚಿಕ್ಕೋಡಿ ಹಿಂದೆ ಬಿತ್ತು. ಮೋಡದ ಅಡಿಯಲ್ಲಿ ಪಡುವಣಕ್ಕೆ ಒಂದು ಕೆಂಪು ಗೆರೆ ಉಳಿದಿತ್ತು, ಅದನ್ನು ಇಬ್ಬರೂ ನೋಡುತ್ತಿದ್ದೆವು.

ಆಮೇಲೆ ಅಜ್ಜ ತಾನಾಗಿಯೇ ಶುರು ಮಾಡಿದ. ನನ್ನ ಕಡೆ ನೋಡದೆ, ಎದುರಿನ ರಸ್ತೆಗೆ ಹೇಳುವವನಂತೆ.

"ಅಕ್ಕಗ ನಾ ಒಂದು ಸೀರಿ ಕೊಟ್ಟು ಎಷ್ಟ ವರ್ಷ ಆತೋ ತಮ್ಮಾ. ಜಗಳಿಲ್ಲ, ಏನಿಲ್ಲ. ಒಂದ ವರ್ಷ ಪಂಚಮಿಗೆ ಕಳಸೂದು ತಪ್ಪಿತು. ಮುಂದಿನ ವರ್ಷ, ಹಿಂದಿನ ವರ್ಷ ಕಳಿಸಿಲ್ಲ, ಈಗ ಯಾವ ಮಾರಿ ಹೊತ್ತು ಕಳಿಸ್ಲಿ ಅನಿಸ್ತು. ಹಂಗs ಮಾಡಕೋತ ಮಾಡಕೋತ ಇಷ್ಟ ವರ್ಷ ಆದುವು. ಒಂದ ಕಾಗದಾ ಸುದ್ದಾ ಬರಿಲಿಲ್ಲ ನಾನು. ಆಕಿನೂ ಒಂದ ಮಾತ ಕೇಳಿ ಕಳಿಸ್ಲಿಲ್ಲ. ಇದೊಂದು ಸೀರಿ ಆಕಿ ಮೈಮ್ಯಾಗ ಬಿತ್ತಂದ್ರ ನನ್ನ ಜೀವಕ್ಕ ಅಷ್ಟರ ಸಮಾಧಾನ."

ನಾನು ತಿರುಗಿ ಅವನ ಮುಖ ನೋಡಿದೆ. ಯಾಕೆಂದರೆ ನಮ್ಮ ಮನೆಗೆ ಪ್ರತಿ ಪಂಚಮಿಗೂ ಮುಂಬೈ ಅಜ್ಜನ ಸೀರೆ ಬರುತ್ತಿತ್ತು. ಪಂಚಮಿ ಅಂದರೆ ನಮ್ಮಲ್ಲಿ ಅಕ್ಕ ತಂಗಿಯರ ಹಬ್ಬ, ತವರಿನವರು ಕರೆಯಬೇಕು, ಕರೆಯಲಾಗದಿದ್ದರೆ ಸೀರೆಯನ್ನಾದರೂ ಕಳಿಸಬೇಕು. ಆಯಿ ಅದನ್ನು ಪಡಸಾಲೆಯಲ್ಲಿ ಬಿಚ್ಚಿ ಸೊಸೆಯರಿಗೆಲ್ಲ ತೋರಿಸುತ್ತಿದ್ದಳು. ನನ್ನ ತಮ್ಮ ಕಳಿಸ್ಯಾನ, ಸದಲಗಾದವರೊಬ್ಬರ ಕೈಯಾಗ ಕೊಟ್ಟ ಕಳಿಸ್ಯಾನ ಅಂತ ಓಣಿಗೆಲ್ಲ ಹೇಳುತ್ತಿದ್ದಳು. ನಾನೇ ಕಣ್ಣಾರೆ ಕಂಡಿದ್ದೇನೆ. ನಮ್ಮವ್ವನಿಗೆ ಆಕೆಯ ಅಣ್ಣ ಯಾವಾಗಲೋ ಒಮ್ಮೆ ಕಳಿಸಿದ ತೆಳ್ಳನೆಯ ಸೀರೆ ಹಿಡಿದು, ನೋಡ ಬೇ, ನನ್ನ ತಮ್ಮನ್ನ ನೋಡಿ ಕಲೀಲಿ ಅಂತ ಹಂಗಿಸಿದ್ದೂ ಉಂಟು.

ಅಕ್ಕನ ಹೆಣಕ್ಕೆ ಸೀರೆ ಒಯ್ಯುತ್ತಿರುವ ಮುದುಕನನ್ನು ಅಡ್ಡ ಪ್ರಶ್ನೆ ಕೇಳುವಷ್ಟು ಕೆಟ್ಟವನಲ್ಲ ನಾನು. ಇವನ ಹೆಂಡತಿಯೇ ಇವನಿಗೆ ಹೇಳದೆ ಕಳಿಸುತ್ತಿದ್ದಳೇನೋ, ಹೆಂಗಸರ ವ್ಯವಹಾರ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಊರ ಹತ್ತಿರ ಬಂದಾಗ ಕೆಂಪು ಗೆರೆ ಇರಲಿಲ್ಲ. ನಮ್ಮ ಹೊಲದ ಕಡೆಯಿಂದ ಮಂದಿ ಎದುರಿಗೆ ಬರುತ್ತಿದ್ದರು, ಕಾಲಿಗೆಲ್ಲ ಹೊಸ ಮಣ್ಣು, ಕೈಯಲ್ಲಿ ಗುದ್ದಲಿ, ಬುಟ್ಟಿ. ಭಜನೆಯವರು ತಾಳ ಬಗಲಿಗಿಟ್ಟುಕೊಂಡಿದ್ದರು. ಹಿಂದಿನಿಂದ ದೊಡ್ಡಪ್ಪ ಬರುತ್ತಿದ್ದ. ಜೀಪು ನೋಡಿ ನಿಂತ. ನನಗೆ ಬೈಯುವವನಂತೆ ಬಾಯಿ ತೆರೆದು, ಪಕ್ಕದಲ್ಲಿ ಕೂತವನ ಮುಖ ನೋಡಿ ಮುಚ್ಚಿಕೊಂಡ.

"ಭಾಳ ಕಾದ್ವಿ ಮಾವಾ," ಅಂದ. "ಅಯ್ಯನವರು ಒಪ್ಪಲಿಲ್ಲ. ನಂದs ತಪ್ಪು. ಇಂವ ಅಲ್ಲೇ ನಿಂದ್ರೂಣು ಅಂದಿದ್ದ."

ದೊಡ್ಡಪ್ಪ ತಪ್ಪು ತನ್ನದು ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಜ್ಜ ಹೊಲದ ಕಡೆ ಒಮ್ಮೆ ನೋಡಿದ. ನಾನೇ ಮನೆಯ ಬಾಗಿಲ ತನಕ ಓಡಿಸಿಕೊಂಡು ಹೋಗಿ, ಕೈ ಹಿಡಿದು ಇಳಿಸಿ ಪಡಸಾಲೆಗೆ ಕರೆತಂದೆ. ಆಯಿ ಕೂತಿದ್ದ ಗೋಡೆಯ ಬುಡದಲ್ಲಿ ದೀಪ ಹಚ್ಚಿಟ್ಟಿದ್ದರು. ಅವನು ಅದರ ಎದುರಿಗೆ ಕುಸಿದು ಕೂತ. ಚೀಲ ಆಗಲೂ ತೊಡೆಯ ಮೇಲೆಯೇ.

ಹೆಂಗಸರೆಲ್ಲ ಸುತ್ತ ನೆರೆದರು. ದೊಡ್ಡವ್ವ, ಅಂದರೆ ದೊಡ್ಡಪ್ಪನ ಹೆಂಡತಿ, ನೀರಿನ ತಂಬಿಗೆ ತಂದು ಮುಂದಿಟ್ಟಳು. ಇಷ್ಟು ದೂರದಿಂದ ಬಂದ ಮುದುಕ ಸೀರೆ ಹಿಡಿದು ಹೀಗೆ ಕೂತದ್ದು ನೋಡಿ ಆಕೆಯೂ ಎದುರಿಗೆ ಕೂತಳು.

"ಮಾವಾ, ಹಳಹಳಿ ಮಾಡ್ಕೋಬ್ಯಾಡ್ರಿ," ಅಂದಳು. "ಅತ್ತಿ ತವರ ಸೀರಿ ಉಟಗೊಂಡs ಹೋಗ್ಯಾರ. ಹಿಂದಿನ ಪಂಚಮಿಗೆ ನೀವು ಕಳಿಸಿದ್ರಲ್ಲರಿ, ಅದನ್ನ ಅವರು ಉಡದs ಇಟ್ಟಿದ್ರು. ನನ್ನ ಒಬ್ಬಾಕಿ ಮುಂದ ಹೇಳಿದ್ರು. ನನ್ನ ತಮ್ಮ ದೂರ ಅದಾನ, ಅಂವಗ ಬರಾಕ ಆಗಲಿಲ್ಲಂದ್ರ ಇದನ್ನ ಉಡಸ್ರಿ, ಇದೂ ಅಂವಂದs, ಯಾರೂ ನನ್ನ ತಮ್ಮಗ ಒಂದ ಮಾತ ಅನಬಾರ್ದು ಅಂತ. ನೀವು ಬರಾಕತ್ತೀರಿ ಅಂತ ನಾ ಸುಮ್ಮನಿದ್ದೆ. ಹೊತ್ತು ಮುಳುಗಾಕ ಬಂದ ಮ್ಯಾಲೆ ಟ್ರಂಕ ತಗದು ಉಡಿಸಿದಿವ್ರಿ."

ಅಜ್ಜ ಆಕೆಯ ಮುಖವನ್ನೇ ನೋಡುತ್ತಿದ್ದ. ಅವನ ಹೆಂಡತಿ ಕಳಿಸಿದ್ದಲ್ಲ ಅನ್ನೋದು ಅವನ ಕಣ್ಣು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಯಾರೂ ಕಳಿಸಿದ್ದಲ್ಲ. ಪ್ರತಿ ವರ್ಷ ಪಂಚಮಿಯ ಹಿಂದುಮುಂದು ಆಯಿ ಒಬ್ಬಳೇ, ಯಾರನ್ನೂ ಜೊತೆಗೆ ಕರೆಯದೆ, ಹಲ್ಲು ತೋರಿಸಿ ಬರ್ತೀನಿ ಅಂತ ಮಿರಜಿಗೆ ಹೋಗುತ್ತಿದ್ದಳು. ಆಕೆಗೆ ಹಲ್ಲೇ ಇರಲಿಲ್ಲ. ಆ ವಿಚಾರ ನಮ್ಮ ಮನೆಯಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ.

"ಎಂಥಾ ಚಂದ ದಡಿ ಇತ್ರಿ ಮಾವಾ ಅದಕ," ಅಂದಳು ಇನ್ನೊಬ್ಬ ಸೊಸೆ, ನಮ್ಮವ್ವ. "ಎಲ್ಲಿ ತಗೊಂಡಿದ್ರಿ?"

ಅಜ್ಜ ಒಮ್ಮೆ ನನ್ನ ಕಡೆ ನೋಡಿದ. ಜೀಪಿನಲ್ಲಿ ಆಡಿದ ಮಾತು ಕೇಳಿದವನು ನಾನೊಬ್ಬನೇ. ನಾನು ತಲೆ ಕೆಳಗೆ ಹಾಕಿದೆ.

"ಮುಂಬೈದಾಗ," ಅಂದ ಅವನು. "ಹೌದವಾ, ನಾನs ಕಳಿಸಿದ್ದೆ."

ಅಷ್ಟು ಹೇಳಿದವನು ಚೀಲವನ್ನು ಎದೆಗೆ ಒತ್ತಿಕೊಂಡು, "ನನ್ನ ಮಾನಾ ಕಾದೆಲ್ಲಬೇ ಅಕ್ಕಾ," ಅಂತ ಬಿಕ್ಕಿಬಿಕ್ಕಿ ಅಳತೊಡಗಿದ. ಆ ದಿನ ಮೊದಲ ಸಲ ನನ್ನ ಕಣ್ಣಲ್ಲೂ ನೀರು ಬಂತು. ಹೆಂಗಸರು ಅವನ ಬೆನ್ನು ಸವರಿದರು. ಹೊತ್ತಿಗೆ ಸರಿಯಾಗಿ ಬರಲಿಕ್ಕಾಗಲಿಲ್ಲ ಅಂತ ಅಳುತ್ತಾನೆ ಅಂತ ಅವರೆಲ್ಲ ತಿಳಿದರು.